ಪಿತೃಪಕ್ಷದ ಪಿಂಚಣಿ ಪರ್ವ

ಎಲೈ ವಾಗ್ದೇವಿಯೇ, ಕೊಂಚ ಬಿಡುವು ಮಾಡಿಕೊಂಡು ಬಾ. ಬಿಲ್ಲು ಮುರಿದವರನ್ನೂ ಕಡಲು ಹಾರಿದವರನ್ನೂ ಹಾಡಿ ಸಾಕಾಗಿದೆ. ಈಗ ಹಾಡಬೇಕಾದವನು ಹೇಮಾವಳಿ ನಾಡಿನ ವಿಧಾನಸಭೆಯ ಕಟ್ಟಕಡೆಯ ಸಾಲಿನಲ್ಲಿ, ಫ್ಯಾನಿನ ಗಾಳಿ ಸುಳಿಯದ ಮೂಲೆಯಲ್ಲಿ, ಒಂದೂ ಪ್ರಶ್ನೆ ಕೇಳದೆ ಅವಧಿಯನ್ನು ಬಹುಪಾಲು ಸವೆಸಿದ ಮೌನವ್ರತಧುರಂಧರ, ಮೇಜುಮರ್ದನಮಾರ್ತಾಂಡ, ಸಭಾತ್ಯಾಗಶೂರ, ಮೊದಲ ಬಾರಿಯ ಶಾಸಕ ಸೋಮನಿಂಗಪ್ಪ ತಳಗೇರಿ. ಯುಗವು ಕಲಿಯುಗ, ಮಾಸವು ಭಾದ್ರಪದ, ಪಿತೃಪಕ್ಷ ಆಗಷ್ಟೇ ಕಾಲಿಟ್ಟಿದ್ದ ಕಾಲ.

ಈ ಮಹಾನುಭಾವನು ಪೂರ್ವಾಶ್ರಮದಲ್ಲಿ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮಾಸ್ತರನಾಗಿದ್ದನು. ಸರ್ಕಾರಿ ಪಿಂಚಣಿಯು ಕೈಗೆ ಎಟುಕುವಷ್ಟು ಹತ್ತಿರ ಬಂದು ನಿಂತಿದ್ದಾಗ ಯಾರೋ ನಾಲ್ಕು ಮಂದಿ ಹಾರ ಹಾಕಿ "ನೀವ ನಿಲ್ಲಬೇಕ್ರೀ ಸರ" ಅಂದದ್ದೇ ತಡ, ಸೀಟಿಯನ್ನು ಗೂಟಕ್ಕೆ ತಗುಲಿಸಿ, ರಾಜೀನಾಮೆ ಗೀಚಿ ಚುನಾವಣಾರಣರಂಗಕ್ಕೆ ಧುಮುಕಿಬಿಟ್ಟನು. ಊರಲ್ಲಿ ಗೆದ್ದನು. ಮನೆಯಲ್ಲಿ ಮಾತ್ರ ಅಂದಿನಿಂದ ಸೋಲುತ್ತಲೇ ಇದ್ದನು. ಧರ್ಮಪತ್ನಿ ನೀಲವ್ವ ಬೆಳಗಿನ ಚಹಾದ ಜೊತೆ ದಿನವೂ ಒಂದು ಬಾಣ ಹೂಡುತ್ತಿದ್ದಳು:

"ನಮ್ಮ ತಂಗಿ ಗಂಡ ಬರೇ ಕ್ಲಾರ್ಕ್ ಇದ್ದಾಂವ. ತಿಂಗಳಾತು ಅಂದ್ರ ಪಿಂಚಣಿ ಬರ್ತೈತಿ. ನಿಮಗೇನ್ ಬರ್ತೈತ್ರೀ? ಜೈಕಾರ! ಅದನ್ನ ಕುಕ್ಕರಿಗೆ ಹಾಕ್ಲೇನು?"

ಈ ಬಾಣಕ್ಕೆ ಒಂದೇ ಪ್ರತ್ಯಸ್ತ್ರವಿತ್ತು, ಶಾಸಕರ ಪಿಂಚಣಿ. ಅವಧಿ ಪೂರ್ತಿ ಮುಗಿಸಿದವನಿಗೆ ಜೀವಮಾನವಿಡೀ ಅದು ಉಂಟು, ಒಂದು ದಿನ ಕಡಿಮೆಯಾದರೂ ಇಲ್ಲ ಎಂಬುದು ಆ ನಾಡಿನ ಕಾನೂನು. ಮುಂದಿನ ಸಲ ಟಿಕೆಟ್ ಕೊಡುವುದಿಲ್ಲವೆಂದು ಪಕ್ಷದವರು ಅವನ ಬೆನ್ನ ಹಿಂದೆಯೂ ಎದುರಿಗೂ ಹೇಳಿಯಾಗಿತ್ತು. ಬಂದರೆ ಈ ಸಲ ಬರಬೇಕು.

ಹೀಗಿರಲು, ಶಾಸಕಾಂಗ ಪಕ್ಷದ ಸಭೆಯಲ್ಲಿ, ಉಪ್ಪಿಟ್ಟು ಕೇಸರಿಬಾತುಗಳು ತಟ್ಟೆಗಳಲ್ಲಿ ಹೊಗೆಯಾಡುತ್ತಿರಲು, ಮುಖ್ಯಮಂತ್ರಿಗಳು ಮೂತಿ ಒರೆಸಿಕೊಂಡು ನುಡಿದರು: "ವಿರೋಧಿಗಳು ಒಳಗೊಳಗೇ ಕಚ್ಚಾಡ್ತಿದಾರೆ. ಇದೇ ಸಮಯ. ನಾಳೆನೇ ಸಭೆ ವಿಸರ್ಜಿಸಿ ಚುನಾವಣೆಗೆ ಹೋಗೋಣ."

ಅಹಹ! ಸದನದ ಅವಧಿ ತಾನಾಗಿ ಮುಗಿಯಲು ಇನ್ನು ಕೆಲವೇ ದಿನ. ಪರ್ವತ ಹತ್ತಿದವನನ್ನು ಕೊನೆಯ ಮೆಟ್ಟಿಲಿನಲ್ಲಿ ದಬ್ಬಿದಂತಾಯಿತು. ಮೊದಲ ಬಾರಿಯ ಶಾಸಕರೆಲ್ಲ ಚಮಚೆ ಹಿಡಿದ ಕೈಯಲ್ಲೇ ಕಲ್ಲಾದರು. ಪಿಂಚಣಿ ಎಂಬ ಪದವನ್ನು ಬಾಯಿ ಬಿಟ್ಟು ಹೇಳುವಂತಿಲ್ಲ, ಜನಸೇವೆಗೆಂದು ಬಂದವರಲ್ಲವೇ! ಆಗ ಎದ್ದನಯ್ಯ, ಅವಧಿಯಲ್ಲಿ ಮೊತ್ತಮೊದಲ ಬಾರಿಗೆ, ನಮ್ಮ ಸೋಮನಿಂಗಪ್ಪ. ಶಾಲಾಮೈದಾನವನ್ನು ನಡುಗಿಸಿದ್ದ ಆ ಕಂಠವು ಮೊಳಗಿತು:

"ಪಿತೃಪಕ್ಷ ನಡದೈತ್ರೀ ಸಾಹೇಬ್ರ! ಹೊಸ ಚಪ್ಪಲಿ ಸುದ್ದಾ ಕೊಳ್ಳಂಗಿಲ್ಲ ಈಗ. ಇಂಥಾದ್ರಾಗ ಚುನಾವಣೆಗೆ ಹೊಂಡೂದಾ? ಅಮಾವಾಸ್ಯಿ ದಾಟಲಿ. ಅಲ್ಲೀತನಕ ಈ ಸೋಮನಿಂಗಪ್ಪ ಬಂಡೆಗಲ್ಲಿನಂಗ ಅಡ್ಡ ನಿಲ್ತಾನ!"

ಎದುರು ಸೋಫಾದಿಂದ ಮೆಲ್ಲನೆ ನಗೆಯೊಂದು ಉರುಳಿ ಬಂತು. ಅದು ಏಳು ಚುನಾವಣೆ ಗೆದ್ದು, ಪಿಂಚಣಿಯನ್ನು ಎಂದೋ ಭದ್ರಪಡಿಸಿಕೊಂಡಿದ್ದ ಸಪ್ತವಿಜಯಸಾರ್ವಭೌಮ, ಹಿರಿಯ ಮಂತ್ರಿ ಕೆಂಪಸಿದ್ದೇಗೌಡರ ನಗೆ.

"ಕೂತ್ಕೊಳಯ್ಯ ಮೇಷ್ಟ್ರೇ. ಸಭೆ ವಿಸರ್ಜನೆ ಅಂದ್ರೆ ಮದ್ವೆ ಅಂದ್ಕೊಂಡಿದ್ದೀಯಾ? ಅದು ತಿಥಿ ಕಣಯ್ಯ! ತಿಥಿಗೆ ಪಿತೃಪಕ್ಷಕ್ಕಿಂತ ಒಳ್ಳೆ ಕಾಲ ಯಾವ್ದೈತೆ?"

ಸಭೆ ಗೊಳ್ಳೆಂದಿತು. ಸೋಮನಿಂಗಪ್ಪನ ಕಿವಿಗಳು ಕಾದವು. ಕುಕ್ಕರ್ ನೆನಪಾಯಿತು, ನೀಲವ್ವ ನೆನಪಾದಳು, ತಿಂಗಳು ತಿಂಗಳು ಬ್ಯಾಂಕಿಗೆ ಹೊಸ ಶರ್ಟು ಹಾಕಿಕೊಂಡು ಹೋಗುವ ಕ್ಲಾರ್ಕ್ ಷಡ್ಡಕ ಕಣ್ಣ ಮುಂದೆ ಸುಳಿದನು. ಅವನು ಮುಖ್ಯಮಂತ್ರಿಗಳ ಕಡೆ ತಿರುಗಿ, ಬತ್ತಳಿಕೆಯ ಕಡೆಯ ಬಾಣವನ್ನು ಬಿಟ್ಟನು:

"ಗೌಡ್ರು ಹೇಳಿದ್ದು ಖರೇ ಐತ್ರೀ. ತಿಥೀನ. ಆದ್ರ ಯಾರ್ದು? ಪಿತೃಪಕ್ಷದಾಗ ಕುರ್ಚಿ ಬಿಟ್ಟಾಂವ ಕಾಗಿ ಆಗಿ ಬರ್ತಾನ್ರೀ ಸಾಹೇಬ್ರ, ಮುಖ್ಯಮಂತ್ರಿ ಆಗಿ ಬರಂಗಿಲ್ಲ!"

ಅದೇ ಗಳಿಗೆಗೆ ಕಿಟಕಿಯಾಚೆ ಕಾಗೆಯೊಂದು ಕೂಗಿತೆಂದು ಹಲವರು ಇಂದಿಗೂ ಹೇಳುತ್ತಾರೆ. ಕೂಗಿದ್ದು ಯಾರದೋ ಮೊಬೈಲು. ಮುಖ್ಯಮಂತ್ರಿಗಳು ಮುಂಗೈಯ ಕೆಂಪು, ಹಳದಿ, ಕಪ್ಪು ದಾರಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಕೇಸರಿಬಾತಿನ ತಟ್ಟೆ ಪಕ್ಕಕ್ಕೆ ಸರಿಯಿತು.

"ವಿಸರ್ಜನೆ ಬೇಡ," ಎಂದರು ಸಣ್ಣ ದನಿಯಲ್ಲಿ. "ಅವಧಿ ಅದರ ಪಾಡಿಗೆ ಅದು ಮುಗೀಲಿ. ಚುನಾವಣೇನ ಹಬ್ಬ ಆದ್ಮೇಲೆ ನೋಡೋಣ."

ಮೊದಲ ಬಾರಿಯ ಶಾಸಕವೃಂದವು ವೀರನನ್ನು ಹೆಗಲ ಮೇಲೆ ಎತ್ತಿಯೇಬಿಟ್ಟಿತು. "ಅಣ್ಣಾ, ನಮ್ಮನ್ನ ಉಳಿಸಿದೆ!" ಎಂದು ಒಬ್ಬನು ನಿಜವಾಗಿಯೂ ಅತ್ತನು. ಸೋಮನಿಂಗಪ್ಪನು ಮೇಲಿನಿಂದಲೇ ನೀಲವ್ವಳಿಗೆ ಫೋನು ಹಚ್ಚಿದನು.

ಕೆಂಪಸಿದ್ದೇಗೌಡರು ಹಲ್ಲುಕಡ್ಡಿ ಆಡಿಸುತ್ತ ಕತ್ತೆತ್ತಿ ನೋಡಿದರು. "ಎಲ್ರುಗೂ ಪಿಂಚಣಿ ಕೊಡಿಸ್ದೆ, ಶಹಬ್ಬಾಸ್ ಕಣಯ್ಯ. ನಿನಗೆ ಹೆಂಗೆ ಬತ್ತದೆ? ನಿಮ್ಮ ನಿಮ್ಮ ಅವಧಿ ಲೆಕ್ಕ ಹಿಡಿಯಾದು ಪ್ರಮಾಣವಚನದ ದಿನದಿಂದ. ಗೆದ್ ವರ್ಸ ಎಲ್ಲಾ ಪಿತೃಪಕ್ಷದಲ್ಲೇ ಪ್ರಮಾಣ ತಗಂಡ್ರು. ನೀನೊಬ್ನೇ ತಾನೇ, ಅಮಾವಾಸ್ಯೆ ಕಳೀಲಿ ಅಂತ ಲಾಡ್ಜ್ ರೂಮಲ್ಲಿ ಬಾಗ್ಲಾಕ್ಕೊಂಡು ಕೂತಿದ್ದೋನು?"

ಹೆಗಲುಗಳು ಒಂದೊಂದಾಗಿ ಕುಸಿದವು. ವೀರನು ಮೆತ್ತಗೆ ನೆಲಕ್ಕೆ ಬಂದನು. ಲಾಡ್ಜಿನಲ್ಲಿ ಕೂತ ಅಷ್ಟು ದಿನ ಅವನ ಅವಧಿಗೆ ಖೋತಾ; ಸದನದ ಆಯಸ್ಸನ್ನು ಅದರ ಕಡೆಯ ದಿನದಿಂದಾಚೆಗೆ ಎಳೆಯಲು ಬ್ರಹ್ಮನಿಂದಲೂ ಆಗದು. ಕೈಯಲ್ಲಿದ್ದ ಫೋನಿನಿಂದ ನೀಲವ್ವಳ ದನಿ ಕೇಳುತ್ತಲೇ ಇತ್ತು: "ಹಲೋ... ಏನಾತ್ರೀ? ಬರ್ತೈತೋ ಇಲ್ಲೋ?"

ಅವನು ಮೂಲೆಗೆ ಹೋಗಿ, ಗೋಡೆಗೆ ಮುಖಮಾಡಿ, ಎಲ್ಲವನ್ನೂ ಹೇಳಿದನು. ಕೊನೆಗೆ, ಉಳಿದಿದ್ದ ಒಂದಿಷ್ಟು ಶೌರ್ಯವನ್ನು ಒಟ್ಟುಗೂಡಿಸಿ, "ಆವಾಗ ಪಿತೃಪಕ್ಷದಾಗ ಪ್ರಮಾಣ ತಗೋಬ್ಯಾಡ್ರಿ ಅಂದಾಕಿ ನೀನ ಅಲ್ಲೇನ?" ಎಂದನು.

ಆ ಕಡೆ ಒಗ್ಗರಣೆ ಚಟಪಟ ಸಿಡಿಯಿತು.

"ಲಗ್ನ ಆದಾಗಿಂದ ನನ್ನ ಒಂದ ಮಾತ ಕೇಳೀರಿ ನೀವು," ಎಂದಳು ನೀಲವ್ವ. "ಅದೂ ಇದನ್ನ ಕೇಳಬೇಕಾಗಿತ್ತೇನು? ಇರ್ಲಿ ಬಿಡ್ರಿ. ಬರ್ತಾ ಒಂದ್ ಸಿವುಡು ಕೊತ್ತಂಬರಿ ತರ್ರಿ."

ಮೇಜುಮರ್ದನಮಾರ್ತಾಂಡನು ಸಂತೆಯಲ್ಲಿ ಎರಡು ಸಿವುಡು ಕೊಂಡನು.