ಎರವಲು ಸಭೆ

ಪಾದ್ರಿಗಳು ಈ ಪರದೇಶಕ್ಕೆ ಬಂದ ಮೇಲೆ ಮೂರು ಸಲ ಮನೆ ಬದಲಿಸಿದ್ದರು. ಸಭೆ ಬೆಳೆಯದ ಕಡೆ ಪಾದ್ರಿಯನ್ನು ಇಟ್ಟುಕೊಂಡು ಏನು ಪ್ರಯೋಜನ ಎಂಬುದು ಮಿಷನ್ನಿನವರ ವಾದ. ಈಗ ನಾಲ್ಕನೆಯ ಊರು. ಇಲ್ಲೂ ಭಾನುವಾರದ ಆರಾಧನೆಗೆ ತಪ್ಪದೆ ಬರುವವರನ್ನು ಎರಡು ಬೆಂಚಿನಲ್ಲಿ ಕೂರಿಸಿ ಮಿಕ್ಕ ಜಾಗದಲ್ಲಿ ಛತ್ರಿ ಇಡಬಹುದಿತ್ತು. ಹೀಗಿರುವಾಗ ಕ್ರಿಸ್‌ಮಸ್ ಬೆಳಿಗ್ಗೆ ಮಿಷನ್ನಿನ ಮೇಲ್ವಿಚಾರಕರು ಖುದ್ದಾಗಿ ಬರುತ್ತಾರೆಂದು ಸುದ್ದಿ ಬಂತು.

"ನಂಗೆ ಇಲ್ಲಿ ಶಾಲೇಲಿ ಕೆಲಸ ಸಿಕ್ಕಿದೆ. ಮಗಳಿಗೆ ಈಗಷ್ಟೇ ಸ್ನೇಹಿತರು ಸಿಕ್ಕಿದಾರೆ. ಈ ಸಲ ವರ್ಗ ಆದ್ರೆ ನೀವೊಬ್ರೇ ಹೋಗಿ," ಎಂದರು ಪಾದ್ರಿಯಮ್ಮ. ಅವರು ಸಿಟ್ಟಿನಿಂದ ಹೇಳಿದ್ದರೆ ಪಾದ್ರಿಗಳು ಇಷ್ಟು ಹೆದರುತ್ತಿರಲಿಲ್ಲ.

ಉಪಾಯ ಹೇಳಿಕೊಟ್ಟವಳು ಸಭೆಯಲ್ಲಿ ಆರ್ಗನ್ ನುಡಿಸುವ ಅಜ್ಜಿ. ಊರಿನ ಎಲ್ಲರ ಸಂಸಾರದಲ್ಲೂ ಅವಳದೊಂದು ಬೆರಳು ಇರುತ್ತಿತ್ತು.

"ಪಕ್ಕದೂರಿನ ಪಾದ್ರಿ ನಮ್ಮಣ್ಣ ತಾನೆ? ಅವನ ಸಭೆ ತುಂಬಿ ತುಳುಕುತ್ತೆ. ಒಂದು ಬೆಳಿಗ್ಗೆ ಮಟ್ಟಿಗೆ ಜನಾನ ಕಳಿಸು ಅಂತೀನಿ. ಅವನು ಆರಾಧನೆ ಸಂಜೆಗೆ ಇಟ್ಕೋತಾನೆ."

"ಅದು ಸುಳ್ಳಾಗಲ್ವಾ?"

"ಯಾರಾದ್ರೂ ಕೇಳಿದ್ರೆ ತಾನೆ ಸುಳ್ಳು ಹೇಳೋದು?"

ಇದು ಸರಿಯೋ ತಪ್ಪೋ ಎಂದು ಪಾದ್ರಿಗಳು ಯೋಚಿಸುತ್ತಿರುವಾಗಲೇ ಅಜ್ಜಿ ಫೋನು ಮಾಡಿ ಮುಗಿಸಿದ್ದಳು.

ಕ್ರಿಸ್‌ಮಸ್ ಬೆಳಿಗ್ಗೆ ಎರಡು ಬಸ್ಸುಗಳ ತುಂಬ ಜನ ಬಂದಿಳಿದರು. ಬೆಂಚು ಸಾಲದೆ ಕಾವಲುಗಾರ ಎದುರಿನ ಕ್ಷೌರದಂಗಡಿಯಿಂದ ಕುರ್ಚಿ ತಂದ. ಹೊಸಬರೊಬ್ಬರು ತಮ್ಮ ಕಾಯಂ ಜಾಗದಲ್ಲಿ ಕೂತಿದ್ದಾರೆಂದು ನಿವೃತ್ತ ಅಂಚೆಯವರು ಮುನಿಸಿಕೊಂಡು ಬಾಗಿಲಲ್ಲೇ ನಿಂತರು. ಪಾದ್ರಿಗಳು ಗಡಿಬಿಡಿಯಲ್ಲಿ ಅವರ ಕೈಕುಲುಕಿ, "ನಮ್ಮ ಸಭೆಗೆ ಸ್ವಾಗತ, ಯಾವೂರಾಯ್ತು?" ಎಂದುಬಿಟ್ಟರು. ಅಂಚೆಯವರು ಕೈ ಬಿಡಿಸಿಕೊಂಡು ಹೋಗಿ ಕ್ಷೌರದ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತರು.

ಮೇಲ್ವಿಚಾರಕರು ಬಂದು ಮುಂದಿನ ಸಾಲಿನಲ್ಲಿ ಕೂತರು. ಮೊದಲ ಹಾಡು ಶುರುವಾಯಿತು. ಈ ಸಭೆಯವರು ಎದ್ದು ನಿಂತು ಹಾಡಿ ಕೂತು ಪ್ರಾರ್ಥಿಸುವವರು; ಬಸ್ಸಿನವರು ಕೂತು ಹಾಡಿ ನಿಂತು ಪ್ರಾರ್ಥಿಸುವವರು. ಎತ್ತು ಏರಿಗೆ, ಕೋಣ ನೀರಿಗೆ. ಇವರು ಎದ್ದರೆ ಅವರು ಕೂರುತ್ತಿದ್ದರು. ತಪ್ಪಾಯಿತೇನೋ ಎಂದು ಇವರು ಕೂತರೆ, ಅದೇ ಅನುಮಾನದಲ್ಲಿ ಅವರು ಏಳುತ್ತಿದ್ದರು. ಯಾರನ್ನು ಅನುಸರಿಸಬೇಕೆಂದು ತಿಳಿಯದೆ ಮೇಲ್ವಿಚಾರಕರು ಅರ್ಧ ಎದ್ದು ಅರ್ಧ ಕೂತು ಬೆಂಚು ಹಿಡಿದುಕೊಂಡರು. ಯಾವುದು ಹಾಡು, ಯಾವುದು ಪ್ರಾರ್ಥನೆ ಎಂದು ಪಾದ್ರಿಗಳಿಗೇ ಮರೆತುಹೋಯಿತು.

ತಲೆ ಕೆಟ್ಟಾಗ ಮನುಷ್ಯನನ್ನು ನಡೆಸುವುದು ಅಭ್ಯಾಸ. ಪ್ರತಿ ಭಾನುವಾರ ಹೇಳುವ ಮಾತು ಅವರ ಬಾಯಿಂದ ತಾನಾಗಿಯೇ ಹೊರಬಂತು. "ಇವತ್ತು ಮೊದಲ ಸಲ ಬಂದವರು ದಯವಿಟ್ಟು ಕೈ ಎತ್ತಿ."

ಆ ಊರಲ್ಲಿ ಅಲ್ಲಿಯವರೆಗೆ ಆ ಮಾತಿಗೆ ಒಂದು ಕೈಯೂ ಎದ್ದಿರಲಿಲ್ಲ. ಈಗ ಎರಡು ಬಸ್ಸಿನ ಅಷ್ಟೂ ಜನ, ಕಂಕುಳ ಮಕ್ಕಳ ಕೈಯನ್ನೂ ಸೇರಿಸಿ, ಪ್ರಾಮಾಣಿಕವಾಗಿ ಕೈ ಎತ್ತಿದರು. ಅಜ್ಜಿ ಆರ್ಗನ್ನಿನ ಮೇಲೆ ಎರಡೂ ಕೈ ಅಪ್ಪಳಿಸಿ, ಸರದಿಯಲ್ಲಿಲ್ಲದ ಹಾಡೊಂದನ್ನು ಶುರುಮಾಡಿದಳು.

ಆರಾಧನೆ ಮುಗಿದ ಮೇಲೆ ಮೇಲ್ವಿಚಾರಕರು ಪಾದ್ರಿಗಳನ್ನು ಎಲ್ಲರೆದುರೇ ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಒಂದೇ ಬೆಳಿಗ್ಗೆ ಇಷ್ಟು ಹೊಸಬರು. ನನ್ನ ಜೀವನದಲ್ಲೇ ನೋಡಿಲ್ಲ ನಾನು."

ಬದುಕಿದೆ ಎಂದುಕೊಂಡ ಪಾದ್ರಿಗಳು ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು. "ಬರೋ ದಾರೀಲಿ ಪಕ್ಕದೂರಿನ ಸಭೆಗೂ ಹೋಗಿದ್ದೆ. ಕ್ರಿಸ್‌ಮಸ್ ದಿನ ಅಲ್ಲೊಂದು ನರಪಿಳ್ಳೆ ಇಲ್ಲ. ಪಾದ್ರಿ ಒಬ್ರೇ ಕೂತು ಆಕಳಿಸ್ತಾ ಇದ್ರು. ಸತ್ತ ಸಭೆ ಅದು. ನಿಮ್ಮಂಥವರು ಅಲ್ಲಿರಬೇಕು. ಬರೋ ತಿಂಗಳೇ ಹೊರಡಿ. ಇದು ತುಂಬಿದ ಸಭೆ, ಯಾರಾದ್ರೂ ನಡೆಸ್ತಾರೆ. ಆ ಮುದುಕರನ್ನ ಇಲ್ಲಿಗೆ ಹಾಕ್ತೀನಿ."

ಪಾದ್ರಿಗಳಿಗೆ ಇನ್ನು ಸತ್ಯ ಹೇಳದೆ ಗತಿಯಿರಲಿಲ್ಲ.

"ಅಯ್ಯಾ, ಕ್ಷಮಿಸಬೇಕು. ಇವರೆಲ್ಲ ಆ ಊರಿನವರೇ. ಇವತ್ತು ಇಲ್ಲಿಗೆ ಬಂದಿದಾರೆ, ಅಷ್ಟೇ."

ಮೇಲ್ವಿಚಾರಕರು ಬಸ್ಸುಗಳನ್ನೂ ಜನರನ್ನೂ ಬೆರಗಾಗಿ ನೋಡಿದರು.

"ಸ್ವಂತ ಪಾದ್ರಿನ ಬಿಟ್ಟು ಹಬ್ಬದ ದಿನ ಬಸ್ಸು ಹಿಡಿದು ನಿಮ್ಮನ್ನ ಹುಡುಕ್ಕೊಂಡು ಬಂದ್ರಾ? ಹಾಗಾದ್ರೆ ಬರೋ ತಿಂಗಳವರೆಗೆ ಯಾಕೆ ಕಾಯ್ಬೇಕು? ಈ ವಾರವೇ ಹೊರಡಿ."

ಅಜ್ಜಿ ಆರ್ಗನ್ನಿನಿಂದ ಎದ್ದು ಬಂದು ಪಾದ್ರಿಗಳ ಎರಡೂ ಕೈ ಹಿಡಿದುಕೊಂಡಳು.

"ಅಣ್ಣ ನಮ್ಮೂರಿಗೇ ಬಂದಿರಲಿ ಅಂತ ಎಷ್ಟು ವರ್ಷದಿಂದ ಪ್ರಾರ್ಥನೆ ಮಾಡ್ತಿದ್ದೆ ಗೊತ್ತಾ? ದೇವರು ನಿಮ್ಮ ಕೈಲಿ ಮಾಡಿಸಿಬಿಟ್ಟ."

ಹಿಂದಿನಿಂದ ಪಾದ್ರಿಯಮ್ಮ "ಆಮೆನ್" ಎಂದರು. ಆ ದನಿಯಲ್ಲಿ ಭಕ್ತಿಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತು.