ಲಂಡನ್ನಿನ ಮೇಲ್ಮನೆಯೂ ನಮ್ಮ ಅತ್ತೆಯ ಮೊಣಕಾಲೂ

೧೯೯೯ ನವೆಂಬರ್ ೧೨, ಶುಕ್ರವಾರ. "ಮಾವನವರು ಬೆಳಗಿನ ಚಹಾ ಮುಟ್ಟಲಿಲ್ಲ. ಕಾರಣ: ಲಂಡನ್ ಪಾರ್ಲಿಮೆಂಟಿನ ಮೇಲ್ಮನೆಯಿಂದ ವಂಶಪಾರಂಪರ್ಯದ ಪ್ರಭುಗಳನ್ನು ಹೊರಗೆ ಹಾಕಿದರು. ಹಾಲು ಉಳಿಯಿತು, ಹೆಪ್ಪು ಹಾಕಿದೆ."

ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ಇಂಥದ್ದೊಂದು ನಡೆಯದ ವಾರವೇ ಇರುತ್ತಿರಲಿಲ್ಲ. ಮಾವನವರು ಶಿರಸ್ತೇದಾರರಾಗಿ ನಿವೃತ್ತರಾದವರು. ತುಂಗಭದ್ರೆ ದಾಟಿ ಆಚೆ ಹೋದವರಲ್ಲ. ಆದರೆ ಸಂಜೆ ಲಂಡನ್ ರೇಡಿಯೊ ಕೇಳಿ, ಬ್ರಿಟಿಷ್ ಸರ್ಕಾರ ಎಲ್ಲಿ ಎಡವುತ್ತಿದೆ ಎಂದು ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಬ್ರಿಟಿಷರು ನಮ್ಮ ದೇಶ ಬಿಟ್ಟು ಹೋಗಿದ್ದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ಹೋದವರು ತಮ್ಮ ಮನೆಯನ್ನಾದರೂ ನೆಟ್ಟಗೆ ಇಟ್ಟುಕೊಳ್ಳಲಿ ಎಂಬುದೊಂದೇ ಚಿಂತೆ.

"ಕೀಳೋದು ಸುಲಭ ಐತವ್ವಾ. ಅದರ ಜಾಗದಾಗ ಏನು ಇಡ್ತಾರ ಅಂತ ಕೇಳು," ಎನ್ನುತ್ತಿದ್ದರು. ಆ ಮಾತಿನಲ್ಲಿ ಹುರುಳಿತ್ತು, ಈಗಲೂ ಒಪ್ಪುತ್ತೇನೆ. ಆದರೆ ದಾವಣಗೆರೆಯಲ್ಲಿ ರಾಜ್ಯಶಾಸ್ತ್ರ ಓದಿ ಬಿ.ಎ. ಮಾಡಿದವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ವಿರೋಧ ಪಕ್ಷದ ಕೆಲಸ ನನ್ನ ಪಾಲಿಗೇ ಬಂದಿತ್ತು.

ಸೂತಕ

ಅಂದು ಅವರು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಪಕ್ಕದ ಮನೆಯ ಮೆಕ್ಕೆಜೋಳದ ವ್ಯಾಪಾರಿ ಗಾಬರಿಯಿಂದ ಬಂದ.

"ಯಾರಿಗೇನಾತ್ರಿ ಯಜಮಾನ್ರ?"

"ಆರುನೂರು ಮಂದಿಗಿಂತ ಹೆಚ್ಚು. ಒಂದ ದಿನದಾಗ ಹೋದ್ರು."

ವ್ಯಾಪಾರಿ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಯ್ಯೋ ದೇವ್ರ! ರೈಲೇನ್ರಿ?"

"ಕಾಯ್ದೆ," ಎಂದರು ಮಾವನವರು.

ಅತ್ತೆ ಒಳಗಿನಿಂದ ಕೂಗಿದರು: "ಯಾರೂ ಸತ್ತಿಲ್ಲಪಾ, ಬರೇ ಕುರ್ಚಿ ಹೋಗ್ಯಾವ. ಚಹಾ ಕುಡದು ಹೋಗು. ಇವರದು ಹಂಗ ಐತಿ."

ಮೂರು ವಾಚನ

ಅದೇ ಚಳಿಗಾಲದಲ್ಲಿ ಅತ್ತೆಯ ಮೊಣಕಾಲು ಮಡಚದಂತಾಯಿತು. ಹಿತ್ತಲ ಪಾಯಖಾನೆಯಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ನಾನು ಹೋಗಿ ಎಬ್ಬಿಸಬೇಕು. ಹರಪನಹಳ್ಳಿಯ ಡಾಕ್ಟರು, ಕುರ್ಚಿಯ ಹಾಗೆ ಕೂರುವ ಇಂಗ್ಲಿಷ್ ಕಮೋಡು ಹಾಕಿಸಿ ಎಂದರು. ಮಾವನವರು ಒಪ್ಪಲಿಲ್ಲ. "ನಮ್ಮಪ್ಪನ ಕಾಲದಿಂದ ಹಿಂಗ ನಡದೈತಿ." ಲಂಡನ್ನಿನಲ್ಲಿ ಇಂಗ್ಲಿಷರದ್ದು ಏನೂ ಹೋಗಬಾರದು, ನಮ್ಮ ಹಿತ್ತಲಿಗೆ ಇಂಗ್ಲಿಷರದ್ದು ಏನೂ ಬರಬಾರದು.

ವರ್ಷಗಳು ಹೀಗೇ ಹೋದವು. ೨೦೦೩ರ ದೀಪಾವಳಿಯ ಹೊತ್ತಿಗೆ ನಾನೊಂದು ದಿನ ಹಗರಿಬೊಮ್ಮನಹಳ್ಳಿಗೆ ಮದುವೆಗೆ ಹೋಗಿದ್ದೆ. ಅತ್ತೆ ಹಿತ್ತಲಿನಲ್ಲಿ ಏಳಲಾಗದೆ, ಕೂಗಲು ನಾಚಿಕೊಂಡು, ನಾನು ಬರುವ ತನಕ ಗೋಡೆ ಹಿಡಿದು ಕೂತೇ ಇದ್ದರು. ಕಣ್ಣಲ್ಲಿ ನೀರು. ಆ ರಾತ್ರಿ ಊಟದ ಹೊತ್ತಿಗೆ ನಾನು ಪಟ್ಟು ಬಿಡಲಿಲ್ಲ.

"ಆತು, ಪದ್ಧತಿ ಪ್ರಕಾರ ಮಸೂದೆ ಬರಲಿ," ಎಂದರು ಮಾವನವರು. "ಅಲ್ಲೆ ಲಂಡನ್ನಾಗ ಮೂರು ಸಲ ಓದ್ತಾರ. ಮೊದಲನೇ ಸಲ ಬರೇ ಹೆಸರು. ಚರ್ಚೆ ಇಲ್ಲ."

ನಾನು ಎದ್ದು ನಿಂತು "ಕಮೋಡು" ಎಂದು ಓದಿ ಕೂತೆ.

"ಹೆಸರು ಓದಿದ್ರ ನನ್ನ ಕಾಲು ಮಡಚತೈತೇನ್ರಿ?" ಎಂದರು ಅತ್ತೆ.

ಎರಡನೆಯ ರಾತ್ರಿ ಚರ್ಚೆ. ನನ್ನ ಯಜಮಾನರು ಬಟ್ಟೆ ಅಂಗಡಿಯವರು, ಯಾರನ್ನೂ ಎದುರು ಹಾಕಿಕೊಳ್ಳುವವರಲ್ಲ. "ಇನ್ನೊಂದು ರೊಟ್ಟಿ ಹಾಕು" ಎಂಬುದಷ್ಟೇ ಅವರ ಭಾಷಣ. ಮೂರನೆಯ ರಾತ್ರಿ ಮತಕ್ಕೆ ಹಾಕಿದೆವು. ಅತ್ತೆಯ ಕೈ, ನನ್ನ ಕೈ, ಕೊನೆಗೆ ತಲೆ ಎತ್ತದೆ ಯಜಮಾನರ ಎಡಗೈ. ಗೆದ್ದೆವು.

"ಭೇಷ್," ಎಂದರು ಮಾವನವರು. "ಇನ್ನ ಇದು ಮೇಲ್ಮನಿಗೆ ಹೋಗಬೇಕು."

"ಮೇಲ್ಮನಿ ಯಾರ್ರಿ?" ಎಂದರು ಅತ್ತೆ.

"ನಾನು."

ನರಿಯ ಪುಣ್ಯ

ಮಸೂದೆ ಮೇಲ್ಮನೆಯಲ್ಲೇ ಕೂತಿತು. ಮರುವರ್ಷ ನವೆಂಬರಿನಲ್ಲಿ ರೇಡಿಯೊ ಇನ್ನೊಂದು ಸುದ್ದಿ ತಂದಿತು. ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ಬ್ರಿಟಿಷ್ ಸರ್ಕಾರ ನಿಲ್ಲಿಸಿತ್ತು. ಮಾವನವರು ಕೆಂಡವಾದರು.

"ತಲೆತಲಾಂತರದ ಪದ್ಧತಿ! ಕುದುರಿ ಹತ್ತಿ, ಕೆಂಪು ಕೋಟು ಹಾಕ್ಕೊಂಡು, ನಾಯಿ ಹಿಂಡು ಬಿಟಗೊಂಡು ಹೋಗ್ತಿದ್ರು."

ಮೆಕ್ಕೆಜೋಳದ ವ್ಯಾಪಾರಿ ಕೇಳಿದ, "ನರಿ ತಿಂತಾರೇನ್ರಿ?"

"ಇಲ್ಲೋ."

"ಮಾರ್ತಾರೇನ್ರಿ?"

"ಇಲ್ಲ."

"ಹಂಗಾರ ದಂಧೆ ನಿಂತಿದ್ದ ಚಲೋ ಆತು ಬಿಡ್ರಿ. ನಾಯಿ ಕೂಳಿನ ಖರ್ಚೂ ಹುಟ್ಟಂಗಿಲ್ಲ."

ಮಾವನವರಿಗೆ ಸಿಟ್ಟು ಇನ್ನೂ ಏರಿತು. "ಮೇಲ್ಮನಿ ಒಪ್ಪಲೇ ಇಲ್ಲ! ಆದ್ರೂ ಕಾಯ್ದೆ ಆತು. ಮೇಲ್ಮನಿ ಒಂದು ವರ್ಷ ತಡೀಬಹುದು, ಅಷ್ಟ. ಆಮ್ಯಾಗ ಕೆಳಮನಿ ಹೇಳಿದ್ದ ನಡೀತೈತಿ."

ನಾನು ಸೌಟು ಕೆಳಗಿಟ್ಟು ಹೊರಗೆ ಬಂದೆ. "ಮಾವಾ, ನಮ್ಮ ಮಸೂದೆ ನಿಮ್ಮಲ್ಲಿಗೆ ಬಂದು ವರ್ಷದ ಮೇಲಾತ್ರಿ."

ಅವರು ನನ್ನನ್ನು ನೋಡಿದರು, ವ್ಯಾಪಾರಿಯನ್ನು ನೋಡಿದರು, ರೇಡಿಯೊ ಆರಿಸಿದರು. ಇಂದಿಗೂ ಅವರ ಮೇಲೆ ನನಗೆ ಗೌರವವಿರುವುದು ಮುಂದಿನ ಮಾತಿಗೆ. "ಕಾಯ್ದೆ ಅಂದ್ರ ಕಾಯ್ದೆ. ಗೌಂಡಿಗೆ ಹೇಳಿ ಕಳಸ್ರಿ."

ಒಳಗಿನಿಂದ ಅತ್ತೆಯ ದನಿ: "ಆ ನರಿ ಹೊಟ್ಟಿ ತಣ್ಣಗಿರಲಿ!"

ಅಧಿವೇಶನ

ಕಮೋಡು ಬಂತು. ಅತ್ತೆ ಅದಕ್ಕೆ ಕುಂಕುಮ ಹಚ್ಚಲು ಹೊರಟಿದ್ದನ್ನು ನಾನೇ ತಡೆದೆ. ಮಾವನವರು ಒಂದು ವಾರ ಅತ್ತ ತಿರುಗಿ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ, ಸುಮ್ಮನೆ ಪರೀಕ್ಷೆಗೆಂದು, ಒಳಗೆ ಹೋದರು.

ಮರುದಿನ ಪೇಪರಿನೊಂದಿಗೆ ಹೋದರು. ಅದರ ಮರುದಿನ ರೇಡಿಯೊ ಹೋಯಿತು.

ಅತ್ತೆ ಬಾಗಿಲು ಬಡಿದರು. "ಹೊರಗ ಬರ್ರಿ!"

"ತಡಿ, ಲಂಡನ್ ಸುದ್ದಿ ಬರಾಕತ್ತೈತಿ."

"ಐದು ವರ್ಷ ಕಮೋಡಿಗೆ ಕಾದೆ, ಈಗ ಬಾಗಲಾ ಕಾಯೂದಾತು ನನ್ನ ಬಾಳೇವು! ಬ್ಯಾಡ ಅಂದವರು ನೀವಲ್ಲೇನ್ರಿ?"

ಒಳಗಿನಿಂದ ಶಾಂತವಾಗಿ ಉತ್ತರ ಬಂತು: "ಬ್ಯಾಡ ಅಂದಿದ್ದು ಖರೆ. ಈಗ ಬಂದೈತಿ. ಬಂದದ್ದನ್ನ ಕಾಪಾಡಬೇಕು."

ಇಬ್ಬರೂ ಈಗಿಲ್ಲ. ಲೆಕ್ಕ ಮಾತ್ರ ನನ್ನ ಬಳಿ ಉಳಿದಿದೆ. ಕಮೋಡು, ಪೈಪು, ಸಿಮೆಂಟು, ಗೌಂಡಿ ಕೂಲಿ ಸೇರಿ ನಾಲ್ಕು ಸಾವಿರದ ಇನ್ನೂರು ರೂಪಾಯಿ. ಅದರ ಮುಂದಿನ ತಿಂಗಳು ಎರಡನೆಯ ಕಮೋಡಿಗೆ ಮತ್ತೆ ನಾಲ್ಕು ಸಾವಿರದ ಇನ್ನೂರು. ಅದನ್ನು ತಂದವರು ಮಾವನವರೇ. ಯಾರೂ ಮೂರು ಸಲ ಓದಲಿಲ್ಲ.