ಎರಡನೇ ಉಪ್ಪು

ಆಹಾರ ವ್ಯವಸ್ಥೆಗಳ ಸಾಮಾಜಿಕ ಮತ್ತು ರಾಜಕೀಯ ಅಧ್ಯಯನ ಸಂಸ್ಥೆಯಲ್ಲಿ ಒಟ್ಟು ನೂರ ನಲವತ್ತೆರಡು ಜನ ಕೆಲಸ ಮಾಡುತ್ತಾರೆ. ಅವರಲ್ಲಿ ಅಡುಗೆ ಬಲ್ಲವರು ಇಬ್ಬರು. ಸಂಸ್ಥೆಯ ಸಿಬ್ಬಂದಿ ಮತ್ತು ಸಾಮಗ್ರಿಗಳ ಪಟ್ಟಿಯಲ್ಲಿ ಈ ಇಬ್ಬರನ್ನು ‘ಇತರೆ’ ಎಂಬ ಶೀರ್ಷಿಕೆಯಡಿ, ನೀರಿನ ಪಂಪು ಮತ್ತು ಎರಡು ಏಣಿಗಳ ನಂತರ ನಮೂದಿಸಲಾಗಿದೆ.

ಇತರೆಯಲ್ಲಿ ಮೊದಲನೆಯವಳು ದೊಡ್ಡಮ್ಮ. ಅವಳಿಗೊಂದು ಸ್ವಂತ ಹೆಸರಿರುವುದು ಸಂಬಳದ ಚೀಟಿಗೆ ಮಾತ್ರ ಗೊತ್ತು. ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ದೊಡ್ಡಮ್ಮನೇ. ಎರಡನೆಯವಳು ಅವಳ ನಾದಿನಿ, ಗಂಡನ ತಂಗಿ. ಮೇಲಿನ ನಾಲ್ಕು ಮಹಡಿಗಳಲ್ಲಿ ಹಸಿವು ಒಂದು ಪರಿಕಲ್ಪನೆ ಎಂದು ಬರೆಯುತ್ತಿದ್ದವರೆಲ್ಲ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ತಟ್ಟೆ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದರು. ದೊಡ್ಡಮ್ಮ ಇಪ್ಪತ್ತಮೂರು ವರ್ಷ ಅವರಿಗೆ ಬಡಿಸಿದ್ದಳು, ಒಬ್ಬರೂ ತಟ್ಟೆಯಲ್ಲಿ ಒಂದಗುಳು ಬಿಟ್ಟು ಎದ್ದವರಲ್ಲ.

ಇಪ್ಪತ್ತನಾಲ್ಕನೇ ವರ್ಷದ ಒಂದು ಸೋಮವಾರ ಸಂಸ್ಥೆಯು ‘ನಮ್ಮ ತಟ್ಟೆಯಲ್ಲಿ ಅಧಿಕಾರ ಯಾರದು?’ ಎಂಬ ಮಹತ್ವದ ಅಧ್ಯಯನವನ್ನು ಆರಂಭಿಸಿತು. ದೂರದ ಊರುಗಳಿಗೆ ಹೋದರೆ ಜನ ತಿರುಗಿ ಪ್ರಶ್ನೆ ಕೇಳುತ್ತಾರೆಂಬ ಹಿಂದಿನ ಕಹಿ ಅನುಭವದಿಂದ, ಈ ಸಲ ಸಂಸ್ಥೆಯ ಸ್ವಂತ ಊಟದ ಮನೆಯನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿತ್ತು. ಕೆಳಗಿನ ಸುತ್ತೋಲೆ ಬೆಳಗ್ಗೆ ಒಂಬತ್ತಕ್ಕೇ ಅಡುಗೆಮನೆಯ ಬಾಗಿಲಿಗೆ ಅಂಟಿತ್ತು:

‘ಈ ದಿನವನ್ನು ಮೂಲಸ್ಥಿತಿ ದಿನ ಎಂದು ಘೋಷಿಸಲಾಗಿದೆ. ಈ ದಿನ ಇದ್ದದ್ದು, ನಡೆದದ್ದು ಮತ್ತು ಬೆಂದದ್ದು ಅಧ್ಯಯನ ಮುಗಿಯುವವರೆಗೆ ಇದ್ದ ಹಾಗೆಯೇ ಇರತಕ್ಕದ್ದು.’

ಅವತ್ತು ಒಲೆಯ ಮೇಲಿದ್ದದ್ದು ಅನ್ನ ಮತ್ತು ಕುಂಬಳಕಾಯಿ ಹಾಕಿದ ಬೇಳೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಮ್ಮ ಬೇಳೆಗೆ ಒಂದು ಬಟ್ಟಲು ಉಪ್ಪು ಹಾಕಿದಳು. ಅಷ್ಟರಲ್ಲಿ ಹಿಂಬಾಗಿಲಲ್ಲಿ ಹಾಲಿನವನು ಕೂಗಿದ. ಹಾಲು ನೀರಾಗಿತ್ತು. ದೊಡ್ಡಮ್ಮ ಅವನ ಜೊತೆ ಹತ್ತು ನಿಮಿಷ ಜಗಳಕ್ಕೆ ನಿಂತಳು. ಇತ್ತ ಕುಂಬಳಕಾಯಿಯ ಸಿಪ್ಪೆ ಎಸೆದು ಬಂದ ನಾದಿನಿ ಹಂಡೆಯ ಪಕ್ಕದಲ್ಲಿದ್ದ ಖಾಲಿ ಬಟ್ಟಲು ನೋಡಿ, “ಅಯ್ಯೋ, ಅತ್ತಿಗೆ ಉಪ್ಪು ಮರೆತೇಬಿಟ್ಟವ್ರೆ,” ಅಂತ ಅದನ್ನು ತುಂಬಿಸಿ ಬೇಳೆಗೆ ಸುರಿದಳು. ಎರಡೂ ಕೈಗಳ ಉದ್ದೇಶ ಒಳ್ಳೆಯದೇ ಆಗಿತ್ತು.

ಒಂದು ಗಂಟೆಗೆ ನೂರ ನಲವತ್ತು ಜನ ಮೊದಲ ತುತ್ತು ಬಾಯಿಗಿಟ್ಟರು. ಮಾತಾಡಿದರೆ ಅಧ್ಯಯನಕ್ಕೆ ಧಕ್ಕೆಯಾದೀತೆಂದು ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡಿದರು, ಪಕ್ಕದವರು ನೀರಿನ ಹೂಜಿ ನೋಡಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಅವತ್ತು ದೊಡ್ಡ ಹೂಜಿಯನ್ನು ಏಳು ಸಲ ತುಂಬಿಸಲಾಯಿತು, ಮರುದಿನದಿಂದ ಏಳು ಸಲ ಎಂಬುದು ನಿಯಮವಾಯಿತು.

ದೊಡ್ಡಮ್ಮನಿಗೆ ಜೀವವೇ ಹೋದ ಹಾಗಾಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೂರನೇ ಮಹಡಿಗೆ ಹತ್ತಿದಳು. ಅಲ್ಲಿ ಅಧ್ಯಯನದ ಮುಖ್ಯಸ್ಥೆ ಕೂತಿದ್ದಳು. ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳಾದ್ದರಿಂದ ಅವಳನ್ನು ಎಲ್ಲರೂ ಟಿಪ್ಪಣಿ ಮೇಡಂ ಅನ್ನುತ್ತಿದ್ದರು.

“ಮೇಡಂ, ತಪ್ಪಾಗೋಯ್ತು,” ಅಂದಳು ದೊಡ್ಡಮ್ಮ. “ಉಪ್ಪು ನಾನೂ ಹಾಕ್ದೆ, ನನಗೆ ಗೊತ್ತಿಲ್ದೆ ನಮ್ಮ ನಾದಿನೀನೂ ಹಾಕ್ಬಿಟ್ಲು. ನಾಳೆ ಸರಿಮಾಡ್ತೀನಿ.”

ಟಿಪ್ಪಣಿ ಮೇಡಂ ಸಂತೋಷದಿಂದ ಕಾಗದ ಎಳೆದುಕೊಂಡಳು. “‘ತಪ್ಪು’ ಅಂತ ನಮ್ಮ ನಮೂನೇಲಿ ಕಾಲಂ ಇಲ್ಲ ದೊಡ್ಡಮ್ಮ. ‘ಸಂಪ್ರದಾಯ’ ಇದೆ, ‘ಪ್ರತಿರೋಧ’ ಇದೆ. ಯಾವುದಕ್ಕೆ ಹಾಕ್ಲಿ?”

“ಮರೆವು ಅಂತ ಇಲ್ವಾ?”

“ಪ್ರತಿರೋಧಕ್ಕೆ ಹಾಕ್ತೀನಿ. ನಿಮಗೂ ಒಂದು ಗೌರವ.”

“ಸರಿ, ಎಲ್ಲಿಗಾದ್ರೂ ಹಾಕ್ಕೊಳ್ಳಿ. ನಾಳೆಯಿಂದ ಒಂದೇ ಸಲ ಹಾಕ್ತೀನಿ.”

“ಅಯ್ಯಯ್ಯೋ, ಎಲ್ಲಾದ್ರೂ ಉಂಟಾ!” ಟಿಪ್ಪಣಿ ಮೇಡಂ ಪೆನ್ನು ಕೆಳಗಿಟ್ಟಳು. “ಸುತ್ತೋಲೆ ನೋಡಿಲ್ವಾ? ಮೂರು ವರ್ಷ ಏನೂ ಬದಲಾಗೋ ಹಾಗಿಲ್ಲ.”

ಹೀಗೆ ಎರಡನೇ ಉಪ್ಪು ಸಂಸ್ಥೆಯ ಅಧಿಕೃತ ಉಪ್ಪಾಯಿತು. ತಿಂಗಳ ವಿಚಾರ ಸಂಕಿರಣದಲ್ಲಿ ಸಮಾಜಶಾಸ್ತ್ರ ವಿಭಾಗದವರು ಅದನ್ನು ‘ಅತ್ತಿಗೆ ನಾದಿನಿಯರ ಮೌನ ಒಡಂಬಡಿಕೆ’ ಎಂದು ವಿವರಿಸಿದರು. ರಾಜ್ಯಶಾಸ್ತ್ರ ವಿಭಾಗದವರು ಅದು ‘ಒಂದೇ ಹಂಡೆಯ ಮೇಲೆ ಎರಡು ಅಧಿಕಾರ ಕೇಂದ್ರಗಳ ಪೈಪೋಟಿ’ ಎಂದು ಸಾಧಿಸಿದರು. ಎರಡು ವಿಭಾಗಗಳ ನಡುವೆ ಮಾತು ನಿಂತಿತು. ಆಮೇಲೆ ಬೇರೆ ಬೇರೆ ಮೇಜಿನಲ್ಲಿ ಕೂತು ಅದೇ ಬೇಳೆ ಉಂಡರು.

ಒಂದು ಸಣ್ಣ ತೊಡಕಿತ್ತು. ಮೂಲಸ್ಥಿತಿ ದಿನದಂದು ನಾದಿನಿ ಎರಡನೇ ಉಪ್ಪು ಹಾಕಿದ್ದು ಮೊದಲನೇ ಉಪ್ಪಿನ ವಿಷಯ ತಿಳಿಯದೆ. ಈಗ ಅವಳಿಗೆ ತಿಳಿದುಬಿಟ್ಟಿತ್ತು. “ಗೊತ್ತಿದ್ದೂ ಗೊತ್ತಿದ್ದೂ ಹೆಂಗೆ ಸುರೀಲಿ? ಅನ್ನಪಾನಕ್ಕೆ ಕೇಡು ಬಗೆದ ಪಾಪ ನಂಗ್ಯಾಕೆ?” ಅಂತ ಅವಳು ಮೂರನೇ ದಿನ ಬಟ್ಟಲು ಮುಟ್ಟಲು ಒಪ್ಪಲಿಲ್ಲ. ಸಂಸ್ಥೆಯು ಒಂದು ವಾರ ಯೋಚಿಸಿ ನಮೂನೆ ಏಳನ್ನು ಹೊರಡಿಸಿತು. ಅದಕ್ಕೆ ನಾದಿನಿ ದಿನವೂ ಹನ್ನೊಂದೂಕಾಲಿಗೆ ಸಹಿ ಮಾಡಬೇಕಿತ್ತು: ‘ಉಪ್ಪು ಬಿದ್ದಿರುವ ವಿಷಯ ನನಗೆ ತಿಳಿದಿರುವುದಿಲ್ಲ. ಒಂದು ವೇಳೆ ತಿಳಿದಿದ್ದರೂ, ತಿಳಿದಿರುವುದಿಲ್ಲ ಎಂಬುದನ್ನು ಚೆನ್ನಾಗಿ ತಿಳಿದು ಸಹಿ ಮಾಡಿರುತ್ತೇನೆ.’ ಸಹಿ ಮಾಡಿದ ಮೇಲೆ ಪಾಪ ಸಂಸ್ಥೆಯದ್ದು ಎಂದು ಟಿಪ್ಪಣಿ ಮೇಡಂ ಸಮಾಧಾನ ಹೇಳಿದಳು. ನಾದಿನಿ ದಿನವೂ ಸಹಿ ಮಾಡಿದಳು, ದಿನವೂ ಸುರಿದಳು.

ದೊಡ್ಡಮ್ಮನ ಪಾಲಿಗೆ ಬಂದದ್ದು ಹಿಂಬಾಗಿಲು. ದಿನವೂ ಹನ್ನೊಂದು ಹತ್ತಕ್ಕೆ ಅವಳು ಹೊರಗೆ ಹೋಗಿ ಹಾಲಿನವನ ಜೊತೆ ಹತ್ತು ನಿಮಿಷ ಜಗಳವಾಡಿ ಬರಬೇಕು. ಹಾಲಿನವನು ಒಂದು ಸಲ ಮನಸ್ಸು ಬದಲಾಯಿಸಿ ಗಟ್ಟಿ ಹಾಲು ತಂದುಬಿಟ್ಟ. ಅವನಿಗೆ ನೋಟಿಸ್ ಹೋಯಿತು. “ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಸತ್ಯವಂತ ಆಗಿದ್ದೆ ದೊಡ್ಡಮ್ಮ,” ಅಂತ ಅವನು ನೊಂದುಕೊಂಡು, ಮರುದಿನದಿಂದ ಅಳತೆ ಪ್ರಕಾರ ನೀರು ಬೆರೆಸತೊಡಗಿದ.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ದೊಡ್ಡಮ್ಮನ ಹೊಟ್ಟೆಯೊಳಗಿನ ಉರಿಯೊಂದನ್ನು ಯಾವ ಕಾಲಂನಲ್ಲೂ ಬರೆದಿರಲಿಲ್ಲ, ಅಷ್ಟೇ. ಆ ಅಡುಗೆಮನೆ ಅವಳಿಗಿಂತ ಮುಂಚೆ ಅವಳ ಅತ್ತೆಯದಾಗಿತ್ತು. ಅತ್ತೆ ಕೆಲಸ ಬಿಟ್ಟ ದಿನ ತಾನೇ ಅಡುಗೆ ಮಾಡಿ ಎಲ್ಲರಿಗೂ ಬಡಿಸಿ ಹೊರಟಿದ್ದಳು. ಆ ಊಟದ ಮಾತು ಇನ್ನೂ ನಿಂತಿರಲಿಲ್ಲ. ಹಳೆಯ ಗುಮಾಸ್ತರು ಈಗಲೂ ನೆನೆಸಿಕೊಂಡು ಕಣ್ಣು ಮುಚ್ಚುತ್ತಿದ್ದರು. “ಅಡುಗೆಯವಳ ಹೆಸರು ನಿಲ್ಲೋದು ಕೊನೇ ಊಟದಲ್ಲಿ ಕಣೇ,” ಅಂತ ಅತ್ತೆ ಸೌಟು ಕೈಗಿಡುವಾಗ ಹೇಳಿದ್ದಳು. ದೊಡ್ಡಮ್ಮನ ನಿವೃತ್ತಿ ಅಧ್ಯಯನದ ಮೂರು ವರ್ಷ ಮುಗಿಯುವ ತಿಂಗಳಿಗೇ ಬೀಳುತ್ತಿತ್ತು. ಹೇಗೋ ತಡೆದುಕೊಂಡರಾಯಿತು, ಕೊನೆಯ ದಿನ ನನ್ನ ಕೈ ನನ್ನದು ಅಂತ ಅವಳು ದಿನ ಎಣಿಸುತ್ತಿದ್ದಳು.

ಆರು ತಿಂಗಳು ಉಳಿದಿರುವಾಗ ಹೊಸ ಸುತ್ತೋಲೆ ಬಂತು. ಫಲಿತಾಂಶ ಆಶಾದಾಯಕವಾಗಿರುವುದರಿಂದ ಅಧ್ಯಯನವನ್ನು ಇನ್ನೂ ಮೂರು ವರ್ಷ ಮುಂದುವರಿಸಲಾಗಿದೆ.

ದೊಡ್ಡಮ್ಮ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಅತ್ತಳು. “ಮೂರು ವರ್ಷ ಎಲ್ಲರ ನಾಲಿಗೆ ಸುಟ್ಟೋಳು ಅಂತ ನನ್ನ ಹೆಸ್ರು ಉಳೀಬೇಕಾ? ನಿಮ್ಮಮ್ಮ ಮೇಲಿಂದ ನೋಡಿ ನಗ್ತಾರೆ.”

“ಅಮ್ಮ ಬದುಕಿದ್ದಾಗಲೂ ನಗ್ತಾನೇ ಇದ್ರು, ಬಿಡಿ ಅತ್ತಿಗೆ,” ಅಂದಳು ನಾದಿನಿ. “ಅಳೋ ಬದ್ಲು ಒಂದು ಅರ್ಜಿ ಕೊಡಿ. ಇಲ್ಲಿ ಕಣ್ಣೀರಿಗಿಂತ ಕಾಗದ ಬೇಗ ಮೇಲೆ ಹತ್ತುತ್ತೆ.”

ದೊಡ್ಡಮ್ಮ ಅರ್ಜಿ ಕೊಟ್ಟಳು. ನಿರ್ದೇಶಕರು ಅದನ್ನು ಎರಡು ಸಲ ಓದಿದರು. “ಕೊನೇ ದಿನ ಸರಿಯಾದ ಊಟ ಮಾಡಿ ಬಡಿಸಲು ಅಪ್ಪಣೆ ಕೋರಿ... ಈಗಿನ ಊಟದಲ್ಲಿ ಏನು ಕೊರತೆ ದೊಡ್ಡಮ್ಮ?”

“ಕೊರತೆ ಇಲ್ಲ ಸಾರ್. ಜಾಸ್ತಿ ಆಗಿರೋದೇ ತೊಂದ್ರೆ.”

“ನಾನಂತೂ ಏನೂ ಗಮನಿಸಿಲ್ಲ,” ಎಂದು ನಿರ್ದೇಶಕರು ಮೇಜಿನ ಮೇಲಿನ ಮೂರನೇ ಲೋಟ ನೀರು ಎತ್ತಿಕೊಂಡರು.

ಅರ್ಜಿ ನೀತಿ ಸಮಿತಿಗೆ ಹೋಯಿತು, ಅಲ್ಲಿಂದ ರುಚಿ ಉಪಸಮಿತಿಗೆ ಹೋಯಿತು, ಉಪಸಮಿತಿಯಲ್ಲಿ ಒಬ್ಬರಿಗೆ ನೆಗಡಿಯಾಗಿದ್ದರಿಂದ ಎರಡು ತಿಂಗಳು ನಿಂತಿತು. ನಿವೃತ್ತಿಗೆ ಮೂರು ದಿನ ಇರುವಾಗ ಅಪ್ಪಣೆ ಬಂತು. ‘ಒಂದು ದಿನದ ಮಟ್ಟಿಗೆ, ಒಂದೇ ಉಪ್ಪು. ಆ ದಿನದ ಎರಡನೇ ಉಪ್ಪನ್ನು ಲಕೋಟೆಯಲ್ಲಿ ಮುಚ್ಚಿ, ಅರಗಿನ ಮುದ್ರೆ ಒತ್ತಿ, ನಾದಿನಿಯವರ ವಶಕ್ಕೆ ಕೊಡತಕ್ಕದ್ದು. ಅವರು ಲಕೋಟೆಯೊಂದಿಗೆ ಹೊಸ್ತಿಲಿನ ಹೊರಗೆ ಕೂರತಕ್ಕದ್ದು.’

ಕೊನೆಯ ದಿನ ದೊಡ್ಡಮ್ಮ ಬೆಳಗ್ಗೆ ಆರಕ್ಕೇ ಬಂದಳು. ಬೇಳೆಯನ್ನು ಮೂರು ನೀರಲ್ಲಿ ತೊಳೆದಳು, ಕುಂಬಳಕಾಯಿಯನ್ನು ಒಂದೇ ಅಳತೆಗೆ ಹೆಚ್ಚಿದಳು. ಹನ್ನೊಂದು ಹತ್ತಕ್ಕೆ ಒಂದು ಬಟ್ಟಲು ಉಪ್ಪು ಹಾಕಿ ಅಲ್ಲೇ ನಿಂತಳು. ಹಾಲಿನವನು ಕೂಗಿದರೂ ಕದಲಲಿಲ್ಲ. ನಾದಿನಿ ಹೊಸ್ತಿಲಾಚೆ ಸ್ಟೂಲಿನ ಮೇಲೆ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದೊಡ್ಡಮ್ಮ ರುಚಿಯನ್ನೂ ನೋಡಲಿಲ್ಲ. ಸರಿಯಾದ ಅಳತೆ ಅವಳ ಕೈಗೆ ಗೊತ್ತಿತ್ತು.

ಊಟಕ್ಕೆ ಮುಂಚೆ ನಿರ್ದೇಶಕರು ಎದ್ದು ನಿಂತರು. “ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತ ಹಿರಿಯರು ಹೇಳಿದ್ದಾರೆ. ಹಿರಿಯರು ಎಷ್ಟು ಉಪ್ಪು ಅಂತ ಹೇಳಿಲ್ಲ, ಅದರ ಅಧ್ಯಯನ ನಾವು ಮಾಡುತ್ತಿದ್ದೇವೆ.” ಎಲ್ಲರೂ ಚಪ್ಪಾಳೆ ತಟ್ಟಿ ಕೂತು ಮೊದಲ ತುತ್ತು ಬಾಯಿಗಿಟ್ಟರು.

ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾರೂ ಕಣ್ಣು ಮುಚ್ಚಲಿಲ್ಲ. ಕೆಲವರು ತಟ್ಟೆಯನ್ನು ತಿರುಗಿಸಿ ನೋಡಿದರು. ಕೊನೆಗೆ ಗೇಟಿನ ಕಾವಲುಗಾರ ಬಾಯಿಬಿಟ್ಟ. “ದೊಡ್ಡಮ್ಮ, ಹುಷಾರಾಗಿದೀರಾ?”

“ಯಾಕಪ್ಪಾ?”

“ಏನಿಲ್ಲ... ಸಪ್ಪೆ ಅನ್ಸುತ್ತೆ.”

“ಸಪ್ಪೆಯೇ,” ಅಂದರು ಸಮಾಜಶಾಸ್ತ್ರ ವಿಭಾಗದವರು. “ಶುದ್ಧ ಸಪ್ಪೆ,” ಅಂದರು ರಾಜ್ಯಶಾಸ್ತ್ರ ವಿಭಾಗದವರು. ಮೂರು ವರ್ಷಗಳಲ್ಲಿ ಎರಡು ವಿಭಾಗಗಳು ಒಂದು ಮಾತಿಗೆ ಬಂದದ್ದು ಅದೇ ಮೊದಲು, ಎಲ್ಲರಿಗೂ ಬಹಳ ಹಿತವೆನಿಸಿತು. ನಿರ್ದೇಶಕರು ಮೆಲ್ಲಗೆ, “ನಮಗೆ ಒಗ್ಗಿದ ಕೈರುಚಿ ಇದಲ್ಲ ದೊಡ್ಡಮ್ಮ. ಕೊನೇ ದಿನ ಅಂತ ಬೇಜಾರಿಗೆ ಹೀಗಾಗಿರಬೇಕು,” ಎಂದು ಕ್ಷಮಿಸಿದರು. ಟಿಪ್ಪಣಿ ಮೇಡಂ ಬರೆದುಕೊಂಡಳು.

“ಇದೇ ಸರಿಯಾದ ಉಪ್ಪು! ನಮ್ಮತ್ತೆ ಆಣೆ ಇದೇ ಸರಿ!” ಅಂತ ಕೂಗಿ ದೊಡ್ಡಮ್ಮ ಅಡುಗೆಮನೆಗೆ ಓಡಿಬಂದಳು. ಸೌಟಿನಲ್ಲಿ ಒಂದಿಷ್ಟು ಬೇಳೆ ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದಳು.

ಇನ್ನೊಂದು ಸಲ ನೆಕ್ಕಿದಳು.

ಸಪ್ಪೆಯಾಗಿತ್ತು. ಕೈಗೆ ಗೊತ್ತಿದ್ದದ್ದು ನಾಲಿಗೆಗೆ ಮರೆತುಹೋಗಿತ್ತು. ಮೂರು ವರ್ಷ ಅವಳೂ ಅದೇ ಹಂಡೆಯ ಬೇಳೆ ಉಂಡಿದ್ದಳಲ್ಲ. ದೊಡ್ಡಮ್ಮನಿಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಕಣ್ಣು ತುಂಬಿ ಹಂಡೆಯೇ ಕಾಣದಾಯಿತು. ಹೊಸ್ತಿಲಾಚೆ ನಾದಿನಿ ಎದ್ದು ನಿಂತಿದ್ದಳು.

“ಅತ್ತಿಗೆ...”

“ಏನೂ ಕೇಳ್ಬೇಡ ಕಣೇ. ನನ್ನನ್ನ ಏನೂ ಕೇಳ್ಬೇಡ.”

ದೊಡ್ಡಮ್ಮ ಕಣ್ಣೊರೆಸಿಕೊಂಡು ಹಿಂಬಾಗಿಲು ತೆರೆದು ಹೊರಗೆ ಹೋದಳು. ಹಾಲಿನವನು ಹೋಗಿ ಎರಡು ಗಂಟೆಯಾಗಿತ್ತು, ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. “ಏನಪ್ಪಾ ಇದು, ಹಾಲೋ ನೀರೋ?” ಅಂತ ಅವಳು ಖಾಲಿ ಅಂಗಳವನ್ನು ಗದರಿಸಿದಳು. “ಮನುಷ್ಯ ಅಂದ್ಮೇಲೆ ಒಂದು ನಿಯತ್ತು ಬೇಡ್ವಾ?” ಹೀಗೆ ಹತ್ತು ನಿಮಿಷ ಜಗಳವಾಡಿದಳು. ಒಳಗೆ ಅರಗು ಮುರಿದ ಸದ್ದು ಕೇಳಿಸಿತು, ಅವಳು ಇನ್ನೂ ಜೋರಾಗಿ ಬೈದಳು.

ಎರಡನೇ ಸುತ್ತು ಬಡಿಸಿದಾಗ ಊಟದ ಮನೆಯ ಕಳೆಯೇ ಬದಲಾಯಿತು. ಜನ ಬೆರಳು ನೆಕ್ಕಿದರು. ಹಳೆಯ ಗುಮಾಸ್ತರು ಕಣ್ಣು ಮುಚ್ಚಿ, “ನಿಮ್ಮತ್ತೇನೂ ಮೀರಿಸಿಬಿಟ್ರಿ ದೊಡ್ಡಮ್ಮ,” ಅಂದರು. ನಿರ್ದೇಶಕರು ಮೂರು ಸಲ ಹಾಕಿಸಿಕೊಂಡರು. ಹೂಜಿ ಏಳು ಸಲ ತುಂಬಿತು. ಟಿಪ್ಪಣಿ ಮೇಡಂ ವರದಿಯಲ್ಲಿ, ‘ಒಂದೇ ಉಪ್ಪಿನ ಪ್ರಯೋಗ ಯಶಸ್ವಿಯಾಗಿದೆ, ಮೊದಲು ಸಪ್ಪೆ ಎನಿಸಿದರೂ ಹತ್ತು ನಿಮಿಷಗಳಲ್ಲಿ ಜನ ಒಪ್ಪಿಕೊಳ್ಳುತ್ತಾರೆ’ ಎಂದು ಬರೆದಳು.

ಮರುದಿನದಿಂದ ನಾದಿನಿಯೇ ಮುಖ್ಯ ಅಡುಗೆಯವಳು ಎಂದು ಸಂಜೆಯೇ ಆದೇಶವಾಯಿತು. ತೆರವಾದ ಜಾಗಕ್ಕೆ ಗೇಟಿನ ಬಳಿ ಪ್ರಕಟಣೆ ಅಂಟಿತು: ‘ಅಡುಗೆಮನೆಗೆ ಒಬ್ಬ ತಿಳಿಯದ ವ್ಯಕ್ತಿ ಬೇಕಾಗಿದ್ದಾರೆ. ಅನುಭವ ಉಳ್ಳವರಿಗೆ ಆದ್ಯತೆ.’

ಹೊರಡುವ ಮುಂಚೆ ದೊಡ್ಡಮ್ಮ ನಮೂನೆ ಏಳರ ಒಂದು ಹಾಳೆ ಕೇಳಿ ತೆಗೆದುಕೊಂಡಳು. ಉಪ್ಪು ಬಿದ್ದಿರುವ ವಿಷಯ ನನಗೆ ತಿಳಿದಿರುವುದಿಲ್ಲ ಎಂಬ ಸಾಲನ್ನು ಬೆರಳಿಟ್ಟು ಪೂರ್ತಿ ಓದಿದಳು. ಕೆಳಗೆ ತನ್ನ ಸ್ವಂತ ಹೆಸರನ್ನು ನಿಧಾನವಾಗಿ ಬರೆದು ಸಹಿ ಹಾಕಿ, ಏಳನೇ ಹೂಜಿಯಲ್ಲಿ ಉಳಿದಿದ್ದ ನೀರನ್ನು ಎರಡು ಲೋಟ ಕುಡಿದು ಮನೆಗೆ ಹೋದಳು.